ಎರಡು ಸಾಫ್ಟ್‌ವೇರ್, ಒಂದೇ ಬಾರ್‌ಕೋಡ್: ಅಳತೆ ಯಾಕೆ ಹೊಂದುವುದಿಲ್ಲ?

ಪ್ರಶ್ನೆ: ಗೋಣಿಕೊಪ್ಪದಲ್ಲಿ ನಮ್ಮದು ಕಾಫಿಪುಡಿ, ಕಾಳುಮೆಣಸಿನ ಪ್ಯಾಕಿಂಗ್. ಕಂಪ್ಯೂಟರ್ ಕೆಟ್ಟುಹೋಗಿ ಬೇರೆ ಲೇಬಲ್ ಸಾಫ್ಟ್‌ವೇರ್ ಹಾಕಿಸಿದೆವು. ಹಳೆಯದರಲ್ಲಿ ಬಾರ್‌ಕೋಡ್ 100%, ಅಗಲ 37.29 ಮಿ.ಮೀ. ಅಂತ ಬರೆದಿಟ್ಟುಕೊಂಡಿದ್ದೆ. ಹೊಸದರಲ್ಲೂ ಅಗಲಕ್ಕೆ ಅದನ್ನೇ ಹಾಕಿದರೆ ಗೆರೆಗಳು ಸ್ವಲ್ಪ ದೊಡ್ಡದಾಗಿ ಬರುತ್ತವೆ. ಮಡಿಕೇರಿಯ ಅಂಗಡಿಯವರು ಸರಿಯಾಗಿ ಸ್ಕ್ಯಾನ್ ಆಗ್ತಿಲ್ಲ ಅಂತಾರೆ. ಪ್ರಿಂಟರ್ ಹಳೆಯದೇ, 203 ಡಿಪಿಐ. ಏನು ಮಾಡಲಿ?

ಉತ್ತರ: ನೀವು ಬರೆದಿಟ್ಟುಕೊಂಡ ಅಂಕಿ ಸರಿಯೇ ಇದೆ. ಆದರೆ ಎರಡೂ ಸಾಫ್ಟ್‌ವೇರ್ 'ಅಗಲ' ಅನ್ನುವುದು ಒಂದನ್ನೇ ಅಲ್ಲ.

ಅಂಗಡಿ ಸಾಮಾನಿನ ಮೇಲಿರುವ 13 ಅಂಕಿಯ ಬಾರ್‌ಕೋಡಿಗೆ ಇಎಎನ್-13 ಅಂತ ಹೆಸರು. ಅದರ ತೀರಾ ಸಣ್ಣ ಗೆರೆಯ ಅಗಲವನ್ನು ಒಂದು ಮನೆ ಅಂದುಕೊಳ್ಳಿ. ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಒಟ್ಟು 95 ಮನೆ. ಎಡಕ್ಕೆ 11, ಬಲಕ್ಕೆ 7 ಮನೆ ಖಾಲಿ ಜಾಗ ಬಿಡಲೇಬೇಕು. ಅದಿಲ್ಲದಿದ್ದರೆ ಗೆರೆ ಎಲ್ಲಿ ಶುರುವಾಯಿತು ಅಂತ ಸ್ಕ್ಯಾನರ್‌ಗೆ ಗೊತ್ತಾಗುವುದಿಲ್ಲ. 100% ಅಂದರೆ ಒಂದು ಮನೆ 0.33 ಮಿ.ಮೀ. ಬರೀ ಗೆರೆಗಳ ಅಗಲ 31.35, ಖಾಲಿ ಜಾಗ ಸೇರಿದರೆ 37.29. ನಿಮ್ಮ ಹಳೆಯ ಸಾಫ್ಟ್‌ವೇರ್ ಖಾಲಿ ಜಾಗ ಸೇರಿಸಿ ಲೆಕ್ಕ ಹೇಳುತ್ತಿತ್ತು. ಹೊಸದು ಬರೀ ಗೆರೆಗಳದ್ದು ಕೇಳುತ್ತಿದೆ. ನೀವು 37.29 ಅಂದಿರಿ, ಅದು ಅಷ್ಟಕ್ಕೂ ಗೆರೆ ಎಳೆದುಬಿಟ್ಟಿತು.

ಇಷ್ಟೇ ಆಗಿದ್ದರೆ 31.35 ಹಾಕಿ ಅಂದು ಮುಗಿಸಬಹುದಿತ್ತು. ಹಾಕಬೇಡಿ. ಹಳೆಯ ಲೇಬಲ್ ಒಂದು ಉಳಿದಿದ್ದರೆ ಸ್ಕೇಲ್ ತಗೊಂಡು ಮೊದಲ ಗೆರೆಯಿಂದ ಕೊನೆಯ ಗೆರೆಗೆ ಅಳೆಯಿರಿ. ಬಹುಶಃ 31 ಬರಲ್ಲ, ಮೂವತ್ತೈದೂವರೆ ಚಿಲ್ಲರೆ ಬರುತ್ತದೆ.

ಯಾಕೆ ಅಂದರೆ, 203 ಡಿಪಿಐ ಪ್ರಿಂಟರ್ ಒಂದು ಮಿ.ಮೀ.ಗೆ 8 ಚುಕ್ಕಿ ಹಾಕುತ್ತದೆ. ಒಂದು ಚುಕ್ಕಿ 0.125 ಮಿ.ಮೀ. ಅರ್ಧ ಚುಕ್ಕಿ ಹಾಕಲು ಅದಕ್ಕೆ ಬರಲ್ಲ. 0.33 ಮಿ.ಮೀ. ಅಂದರೆ 2.64 ಚುಕ್ಕಿ ಆಯಿತಲ್ವಾ? ನಿಮ್ಮ ಪ್ರಿಂಟರ್‌ನಲ್ಲಿ ಸರಿಯಾದ 100% ಅನ್ನುವುದೇ ಇಲ್ಲ. ಹಳೆಯ ಸಾಫ್ಟ್‌ವೇರ್ ಪರದೆಯ ಮೇಲೆ 100 ಅಂತ ತೋರಿಸಿ, ಒಳಗೊಳಗೇ ಮನೆಗೆ 3 ಚುಕ್ಕಿ ಮಾಡಿ ಕಳಿಸುತ್ತಿತ್ತು. 95 ಮನೆಗೆ 35.6 ಮಿ.ಮೀ. ಅಂದರೆ ಹತ್ತಿರ ಹತ್ತಿರ 114%. ಎಷ್ಟು ವರ್ಷ ಅದನ್ನು ನಂಬಿದ್ದಿರೋ!

ಹೊಸದು ಅಷ್ಟು ನಾಜೂಕಿಲ್ಲ. 37.29ನ್ನು 95 ಮನೆಗೆ ಹಂಚಿದರೆ ಒಂದಕ್ಕೆ 3.14 ಚುಕ್ಕಿ. ಹಾಗಾಗಿ ಕೆಲವು ಮನೆಗೆ 3, ಕೆಲವಕ್ಕೆ 4 ಚುಕ್ಕಿ ಬೀಳುತ್ತದೆ. ಕಣ್ಣಿಗೆ ಕಾಣಲ್ಲ, ಸ್ಕ್ಯಾನರ್‌ಗೆ ಕಾಣುತ್ತದೆ. ಒಂದು ಅಂಗಡಿಯಲ್ಲಿ ಓದುತ್ತದೆ, ಇನ್ನೊಂದರಲ್ಲಿ ಓದಲ್ಲ. ಮೌಸ್‌ನಿಂದ ಮೂಲೆ ಹಿಡಿದು ಎಳೆದು ದೊಡ್ಡದು ಮಾಡಿದರೂ ಇದೇ ಕಥೆ. ನಾನೂ ಒಮ್ಮೆ ಹಾಗೆ ಎಳೆದು ಎರಡು ರೋಲ್ ಸ್ಟಿಕ್ಕರ್ ಹಾಳು ಮಾಡಿದ್ದೇನೆ.

ಹಾಗಾಗಿ ಶೇಕಡವನ್ನಾಗಲಿ, ಒಟ್ಟು ಅಗಲವನ್ನಾಗಲಿ ಹೊಂದಿಸಲು ಹೋಗಬೇಡಿ. ಒಂದು ಮನೆಗೆ ಎಷ್ಟು ಚುಕ್ಕಿ ಅನ್ನುವುದನ್ನು ಹೊಂದಿಸಿ. ಸೆಟ್ಟಿಂಗ್‌ನಲ್ಲಿ 'ನ್ಯಾರೋ ಬಾರ್', 'ಮಾಡ್ಯೂಲ್ ವಿಡ್ತ್', 'ಎಕ್ಸ್ ಡೈಮೆನ್ಷನ್' ಅಂತ ಏನಾದರೂ ಇರುತ್ತದೆ. ಚುಕ್ಕಿ ಕೇಳಿದರೆ 3 ಹಾಕಿ. ಮಿ.ಮೀ. ಕೇಳಿದರೆ 0.375. ಮಿಲ್ ಕೇಳಿದರೆ 14.8 (ಒಂದು ಮಿಲ್ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು). ನಿಮ್ಮ ಹೊಸದರ ಹಾಗೆ ಗೆರೆಗಳ ಅಗಲವನ್ನಷ್ಟೇ ಕೇಳುವುದಾದರೆ 35.6. ಖಾಲಿ ಜಾಗ ಸೇರಿ 42.4 ಮಿ.ಮೀ. ಬೇಕು. ನಿಮ್ಮ ಸ್ಟಿಕ್ಕರ್ 50 ಮಿ.ಮೀ. ಅಗಲದ್ದಾದರೆ ಆರಾಮ, 38ರದ್ದಾದರೆ ಹಿಡಿಸಲ್ಲ. ಹಾಗಂತ 2 ಚುಕ್ಕಿಗೆ ಇಳಿಯಬೇಡಿ. ಅದು 76% ಆಗುತ್ತದೆ, ಸಾಮಾನ್ಯವಾಗಿ 80ಕ್ಕಿಂತ ಕೆಳಗೆ ಹೋಗದಿರುವುದು ಒಳ್ಳೆಯದು.

ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ಆಫ್ ಇರಲಿ, ಸ್ಕೇಲ್ 100 ಇರಲಿ. ಇಲ್ಲದಿದ್ದರೆ ಮಾಡಿದ ಲೆಕ್ಕವೆಲ್ಲ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಕೈಯಲ್ಲಿ ಹಾಳು. ಎತ್ತರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ತೀರಾ ಗಿಡ್ಡ ಮಾಡದಿದ್ದರೆ ಸಾಕು.

ಬ್ಯಾಚ್ ನಂಬರಿಗೆ ಕೋಡ್ 128 ಅನ್ನುವ ಇನ್ನೊಂದು ಬಗೆಯ ಬಾರ್‌ಕೋಡ್ ಬಳಸುತ್ತೀರಾದರೆ ಇನ್ನೊಂದು ವಿಷಯ. ಮನೆಗೆ ಅಷ್ಟೇ ಚುಕ್ಕಿ ಕೊಟ್ಟರೂ ಎರಡು ಸಾಫ್ಟ್‌ವೇರ್‌ನಲ್ಲಿ ಅಗಲ ಬೇರೆ ಬರಬಹುದು. 8 ಅಂಕಿಯನ್ನು ಜೋಡಿ ಜೋಡಿಯಾಗಿ ಬರೆದರೆ 79 ಮನೆ, ಒಂದೊಂದಾಗಿ ಬರೆದರೆ 123. ಜೋಡಿ ಮಾಡುವುದಕ್ಕೆ 'ಸೆಟ್ ಸಿ' ಅಂತಾರೆ. ಎರಡರಲ್ಲೂ ಅದನ್ನೇ ಆರಿಸಿ, ಅಥವಾ 'ಆಟೋ'ಗೆ ಬಿಡಿ.

ಜೇನಿನ ಸಣ್ಣ ಬಾಟಲಿಗೂ ಇದೇ ಸ್ಟಿಕ್ಕರ್ ಅಂಟಿಸುವುದಾದರೆ ಬಾರ್‌ಕೋಡನ್ನು 90 ಡಿಗ್ರಿ ತಿರುಗಿಸಿ, ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಕಾಣಬೇಕು. ಅಡ್ಡಡ್ಡ ಸುತ್ತಿದರೆ ಕೊನೆಯ ಗೆರೆಗಳು ಬಾಟಲಿಯ ಹಿಂದೆ ಹೋಗಿಬಿಡುತ್ತವೆ.