ಏರ್‌ಟೈಟ್‌ನೆಸ್: ಮರದ ಮನೆಯ ಸಂದು ಎಷ್ಟು ಬಿಗಿ?

ಸ್ವೀಡನ್, ಜರ್ಮನಿ ಕಡೆ ಮರದ ಮನೆಯನ್ನು ಕಾರ್ಖಾನೆಯಲ್ಲೇ ಕಟ್ಟಿ, ಕೋಣೆ ಕೋಣೆಯಾಗಿ ಲಾರಿಯಲ್ಲಿ ತಂದು ಸೈಟಿನಲ್ಲಿ ಜೋಡಿಸುವುದುಂಟು. ಇವೇ ಮಾಡ್ಯುಲರ್ ಮನೆಗಳು. ಗೋಡೆ ಎಷ್ಟು ದಪ್ಪ, ಮರ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ನಾನಾದರೆ ಮೊದಲು ಕೇಳುವುದು ಏರ್‌ಟೈಟ್‌ನೆಸ್ ಎಷ್ಟು ಅಂತ.

ಕಿಟಕಿ, ಬಾಗಿಲು ಎಲ್ಲ ಮುಚ್ಚಿದ ಮೇಲೂ ಸಂದುಗೊಂದುಗಳಲ್ಲಿ ಎಷ್ಟು ಗಾಳಿ ಸೋರುತ್ತದೆ ಎಂಬ ಲೆಕ್ಕ ಇದು. ಹೊರಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಮನೆಯ ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಬರುವಂತೆ ಓಡಿಸುತ್ತಾರೆ. ಗಂಟೆಗೆ ಸುಮಾರು 33 ಕಿ.ಮೀ. ವೇಗದ ಗಾಳಿ ಗೋಡೆಗೆ ಬಡಿದರೆ ಬೀಳುವಷ್ಟು ಒತ್ತಡ. ಆಗ ಒಳಗಿನ ಗಾಳಿ ಗಂಟೆಗೆ ಎಷ್ಟು ಸಲ ಬದಲಾಯಿತು ಎಂದು ನೋಡುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ, ತೀರ ಕಮ್ಮಿ ಇಂಧನದಲ್ಲಿ ಹಿತವಾಗಿರುವ ಮನೆಗಳ ‘ಪ್ಯಾಸಿವ್ ಹೌಸ್’ ಮಾನದಂಡದ ಪ್ರಕಾರ ಅದು 0.6 ದಾಟುವಂತಿಲ್ಲ.

ಕಾರ್ಖಾನೆಯ ಸೂರಿನಡಿ, ಮಳೆ ಗಾಳಿಯ ಕಾಟವಿಲ್ಲದೆ ಮಾಡಿದ ಗೋಡೆ ಸಾಮಾನ್ಯವಾಗಿ ಬಿಗಿಯಾಗೇ ಇರುತ್ತದೆ. ತಕರಾರು ಶುರುವಾಗುವುದು ಎರಡು ಮಾಡ್ಯೂಲ್ ಸೇರುವ ಕಡೆ. ಅಲ್ಲಿ ಟೇಪು, ರಬ್ಬರ್ ಪಟ್ಟಿ ಹಾಕುವ ಕೆಲಸ ಸೈಟಿನಲ್ಲೇ ಆಗಬೇಕು. ವೈರು, ಪೈಪು ತೂರಿಸಿದ ತೂತುಗಳೂ ಇರುತ್ತವೆ.

ಸೋರಿದರೆ ಏನಾಗುತ್ತದೆ? ಚಳಿಗಾಲದಲ್ಲಿ ಹೀಟರ್ ಉರಿಯುತ್ತಿದ್ದರೂ ಕಾಲಿಗೆ ತಣ್ಣನೆ ಗಾಳಿ ಬಡಿಯುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳದ ಕಡೆ ನಡೆಯುತ್ತದೆ. ಅಡುಗೆ, ಸ್ನಾನ, ಉಸಿರು ಎಲ್ಲದರಿಂದ ಒಳಗಿನ ಗಾಳಿಯಲ್ಲಿ ನೀರಾವಿ ಸೇರಿರುತ್ತದೆ. 20 ಡಿಗ್ರಿಯ, ಶೇ. 50 ತೇವಾಂಶದ ಗಾಳಿ ಸಂದಿನಲ್ಲಿ ನುಗ್ಗಿ ಸುಮಾರು 9 ಡಿಗ್ರಿಗೆ ತಣ್ಣಗಾದರೆ ಸಾಕು, ಗೋಡೆಯೊಳಗೇ ಹನಿಗಟ್ಟುತ್ತದೆ. ಮರ ಹೀಗೆ ಬಹಳ ದಿನ ಒದ್ದೆಯಾಗೇ ಇದ್ದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಕಾಂಕ್ರೀಟಿಗೆ ಕೊಳೆಯುವ ಭಯವಿಲ್ಲ.

ಇಷ್ಟು ಬಿಗಿ ಮಾಡಿದರೆ ಉಸಿರು ಕಟ್ಟಲ್ವಾ? ಕಟ್ಟುತ್ತದೆ, ಸುಮ್ನೆ ಮುಚ್ಚಿಟ್ಟರೆ. ಅದಕ್ಕೇ ಇಂಥ ಮನೆಗಳಲ್ಲಿ ಗಾಳಿ ಬದಲಾಯಿಸುವ ಯಂತ್ರ ಇಡುತ್ತಾರೆ. ಹೊರಹೋಗುವ ಗಾಳಿಯ ಬಿಸಿಯನ್ನು ಅದು ಒಳಬರುವ ತಾಜಾ ಗಾಳಿಗೆ ದಾಟಿಸುತ್ತದೆ. ನಮ್ಮ ಕರಾವಳಿಯ ಹೆಂಚಿನ ಮನೆಯ ಲೆಕ್ಕವೇ ಬೇರೆ, ಅಲ್ಲಿ ಸಂದಿನಲ್ಲಿ ಗಾಳಿಯಾಡಿದಷ್ಟೂ ಹಿತ.

ಬೇಸಿಗೆಯ ಸೆಕೆಗೆ ಸಂದು ಬಿಗಿ ಮಾಡುವುದೊಂದೇ ಮದ್ದಲ್ಲ. ಹಗುರ ಮರದ ಗೋಡೆ ಶಾಖ ಹೀರಿಟ್ಟುಕೊಳ್ಳುವುದು ಕಮ್ಮಿ. ಕಿಟಕಿಯಿಂದ ಬಿಸಿಲು ಬಿದ್ದರೆ ಕೋಣೆ ಬೇಗ ಕಾಯುತ್ತದೆ, ಹಾಗಾಗಿ ಹೊರಗಡೆಯೇ ನೆರಳು ಬೇಕು.

ಮನೆ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಕಾರ್ಖಾನೆಯಲ್ಲಿ ಅಳೆದ ಅಂಕಿ ಸಾಲದು. ಸೈಟಿನಲ್ಲಿ ಜೋಡಿಸಿದ ಮೇಲೆ, ಸಂದುಗಳನ್ನು ಹಲಗೆಯಿಂದ ಮುಚ್ಚುವ ಮೊದಲೇ ಅಳೆಸಬೇಕು. ಆಗ ಸೋರಿಕೆ ಸಿಕ್ಕರೆ ಟೇಪಿನಲ್ಲೇ ಮುಗಿಯುತ್ತದೆ, ಆಮೇಲೆ ಸಿಕ್ಕರೆ ಗೋಡೆ ಬಿಚ್ಚಿಸಬೇಕಾಗುತ್ತದೆ.