ಮೂವರೂ ಜೊತೆಗಿದ್ದರೂ ಸಿಂಪ್ಯೂಟರ್ ಗೆಲ್ಲಲಿಲ್ಲ, ಏಕೆ?

ಪ್ರಶ್ನೆ: ಉದ್ಯಮ, ವಿಶ್ವವಿದ್ಯಾಲಯ, ಸರ್ಕಾರ ಮೂರೂ ಕೈಜೋಡಿಸಿದರೆ ಹೊಸ ಆವಿಷ್ಕಾರಗಳು ಬೆಳೆಯುತ್ತವೆ ಎನ್ನುತ್ತಾರೆ. ಬೆಂಗಳೂರಿನ ಸಿಂಪ್ಯೂಟರ್‌ಗೆ ಮೂವರೂ ಸಿಕ್ಕಿದ್ದರಲ್ಲ, ಅದೇಕೆ ಮೂಲೆ ಸೇರಿತು?

ಉತ್ತರ: ಮೂವರೂ ಇದ್ದರು, ನಿಜ. ಇಲ್ಲದಿದ್ದವನು ಗಿರಾಕಿ.

ಮರೆತವರಿಗಾಗಿ ಹೇಳುವುದಾದರೆ, ಸಿಂಪ್ಯೂಟರ್ ಎಂಬುದು ಅಂಗೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಓದು ಬಾರದವರಿಗೆ ಅದೇ ನಮ್ಮ ಭಾಷೆಯಲ್ಲಿ ಓದಿ ಹೇಳಬೇಕು. ಊರಿಗೊಂದಿದ್ದರೂ ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ತಮ್ಮದೆಂಬಂತೆ ಬಳಸಬೇಕು ಎಂಬುದು ಲೆಕ್ಕಾಚಾರ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ಸೇರಿ ಇದನ್ನು ರೂಪಿಸಿದರು. 2004ರಲ್ಲಿ ಸರ್ಕಾರಿ ಸ್ವಾಮ್ಯದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಕರ್ನಾಟಕ ಸರ್ಕಾರವೂ ಭೂದಾಖಲೆಯ ಕೆಲಸಕ್ಕೆ ಒಂದಿಷ್ಟು ಬಳಸಿ ನೋಡಿತು. ಮಾರಾಟವಾದದ್ದು ಮಾತ್ರ ಕೆಲವೇ ಸಾವಿರ. ಹಳ್ಳಿಯವನಿಗೆ ಹತ್ತು ಸಾವಿರ ದುಬಾರಿ. ಪಟ್ಟಣದವನ ಕೈಗೆ ಆಗಲೇ ಮೊಬೈಲ್ ಬರತೊಡಗಿತ್ತು.

ಇದೇ ವಿಜ್ಞಾನ ಸಂಸ್ಥೆಯ ಹಳೆಯ ಕಥೆಯೊಂದನ್ನು ಪಕ್ಕಕ್ಕಿಟ್ಟು ನೋಡಿ. ಮೈಸೂರು ಸಂಸ್ಥಾನದ ಗಂಧದ ಕೊರಡು ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡು ರಫ್ತು ನಿಂತಿತು. ಗಂಧದ ಮರ ಸರ್ಕಾರದ ಸೊತ್ತು, ಆದ್ದರಿಂದ ಏಟು ನೇರವಾಗಿ ಖಜಾನೆಗೇ ಬಿತ್ತು. ಆಗ ವಿಶ್ವೇಶ್ವರಯ್ಯನವರು ದಿವಾನರು. ವಿಜ್ಞಾನ ಸಂಸ್ಥೆಯ ರಸಾಯನವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಬಟ್ಟಿಯಿಳಿಸಿ ತೋರಿಸಿದರು, ಸರ್ಕಾರ ಕಾರ್ಖಾನೆ ಕಟ್ಟಿತು. ಸಾಬೂನಿನ ವಿದ್ಯೆ ಕಲಿತು ಬರಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಿತು. ಆ ಮೈಸೂರು ಸ್ಯಾಂಡಲ್ ಸಾಬೂನು ಇಂದಿಗೂ ನಮ್ಮ ಬಚ್ಚಲಿನಲ್ಲಿದೆ.

ಅಲ್ಲಿ ಮರವಿತ್ತು, ಎಣ್ಣೆಗೆ ಕೊಳ್ಳುವವರಿದ್ದರು, ಕೊರತೆಯಿದ್ದದ್ದು ವಿದ್ಯೆಯೊಂದರದೇ. ಸಿಂಪ್ಯೂಟರ್‌ನದು ಇದರ ತಿರುವುಮುರುವು. ಅಷ್ಟೇ ಅಲ್ಲ, ಗಂಧದೆಣ್ಣೆ ಕೈಗೂಡದಿದ್ದರೆ ಸರ್ಕಾರಕ್ಕೆ ನಷ್ಟವಿತ್ತು. ಸಿಂಪ್ಯೂಟರ್ ಸೋತರೆ ಯಾವ ಇಲಾಖೆಯೂ ನಿದ್ದೆಗೆಡಬೇಕಾಗಿರಲಿಲ್ಲ. ಸಂಶೋಧನೆಗೆ ಅನುದಾನ ಕೊಡುವುದು, ಒಡಂಬಡಿಕೆಗೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಹೊಸ ವಸ್ತುವನ್ನು ಮೊದಲು ಕೊಳ್ಳುವ ಧೈರ್ಯ ಅಪರೂಪ. ಹಿಂದಿನ ಅನುಭವ, ಇಂತಿಷ್ಟು ವಹಿವಾಟು ಇರಬೇಕೆನ್ನುವ ಸರ್ಕಾರಿ ಟೆಂಡರ್ ಷರತ್ತಿಗೆ ನಿನ್ನೆ ಹುಟ್ಟಿದ ಕಂಪನಿ ಎಲ್ಲಿಂದ ಹೊಂದೀತು? ನವೋದ್ಯಮಗಳಿಗೆ ಈ ಷರತ್ತು ಸಡಿಲವಾದದ್ದು 2016ರಿಂದೀಚೆಗೆ.

ಹಾಗೆಂದು ಪ್ರಾಧ್ಯಾಪಕರಿಗೆ ವ್ಯಾಪಾರ ತಿಳಿಯದು ಎನ್ನಬೇಡಿ. ಇದೇ ನಾಲ್ವರು 2000ದಲ್ಲಿ ಸ್ಟ್ರ್ಯಾಂಡ್ ಎಂಬ ಜೀವವಿಜ್ಞಾನದ ಕಂಪನಿಯನ್ನೂ ಕಟ್ಟಿದ್ದರು. ಅದಕ್ಕೆ ಗಿರಾಕಿಗಳಿದ್ದರು: ಅದರ ತಂತ್ರಾಂಶ ಬೇಕೆಂದ ಪ್ರಯೋಗಾಲಯಗಳವರು, ಔಷಧ ಕಂಪನಿಗಳವರು. 2021ರಲ್ಲಿ ರಿಲಯನ್ಸ್ ಸಮೂಹ ಅದನ್ನು ಕೊಂಡುಕೊಂಡಿತು.