ಅತಿವಾಹಕದ ಹಣೆಬರಹ ಕುಲುಮೆಯಲ್ಲೇ

ತಾಮ್ರದ ಆಕ್ಸೈಡ್‌ಗಳ ಅತಿವಾಹಕತೆ (ತಣಿದಾಗ ವಿದ್ಯುತ್ತನ್ನು ಕಿಂಚಿತ್ತೂ ತಡೆಯದೆ ಹರಿಯಬಿಡುವ ಗುಣ) ಎಂದೊಡನೆ ಎಲ್ಲರೂ ಅದು ಶುರುವಾಗುವ ಶೀತದ ಅಂಕಿಗಳನ್ನೇ ಹೇಳುತ್ತಾರೆ. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಕಂಡದ್ದು 30 ಕೆಲ್ವಿನ್ ಆಸುಪಾಸು (ಕೆಲ್ವಿನ್‌ನ ಸೊನ್ನೆ ಎಂದರೆ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್). 1987ರ ಆರಂಭದಲ್ಲಿ ಅಮೆರಿಕದ ವೂ ಮತ್ತು ಚೂ ತಂಡಗಳು ಆ ಆಕ್ಸೈಡ್‌ನಲ್ಲಿದ್ದ ಲ್ಯಾಂಥನಮ್ ಬದಲು ಇಟ್ರಿಯಮ್ ಹಾಕಿ 93 ಮುಟ್ಟಿದವು. ದ್ರವ ಸಾರಜನಕ ಕುದಿಯುವುದು 77ರಲ್ಲಿ. ಹಾಗಾಗಿ ತಣಿಸಲು ದುಬಾರಿ ದ್ರವ ಹೀಲಿಯಮ್‌ನ ಹಂಗು ತಪ್ಪಿತು.

ಇಟ್ರಿಯಮ್‌ನ ಆ ಮೊದಲ ಮಾದರಿಯಲ್ಲಿ ಕಪ್ಪು, ಹಸಿರು ಕಣಗಳು ಬೆರೆತಿದ್ದವು. ಅತಿವಾಹಕ ಕಪ್ಪು ಭಾಗ. ಅದರಲ್ಲಿ ಇಟ್ರಿಯಮ್, ಬೇರಿಯಮ್, ತಾಮ್ರ 1:2:3 ಪ್ರಮಾಣದಲ್ಲಿವೆ ಎಂದು ಅದೇ ವರ್ಷ ಗುರುತಿಸಿದ ತಂಡಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರ ತಂಡವೂ ಒಂದು.

ಪಾಕ ಗೊತ್ತಾದ ಮೇಲೆ ತಯಾರಿ ಸಲೀಸು ಅನ್ನಿಸಿತು. ಇಟ್ರಿಯಮ್ ಆಕ್ಸೈಡ್ 1.13 ಗ್ರಾಂ, ಬೇರಿಯಮ್ ಕಾರ್ಬೊನೇಟ್ 3.95, ತಾಮ್ರದ ಆಕ್ಸೈಡ್ 2.39. ನುಣ್ಣಗೆ ಅರೆದು ಅಲ್ಯುಮಿನಾ ಮೂಸೆಯಲ್ಲಿ 900ರಿಂದ 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹನ್ನೆರಡು ತಾಸಿಗೂ ಹೆಚ್ಚು ಕಾಯಿಸಬೇಕು. ಮತ್ತೆ ಅರೆದು, ಮತ್ತೆ ಕಾಯಿಸಿ, ಬಿಲ್ಲೆ ಒತ್ತಿ ಸುಡಬೇಕು. ಬೇರಿಯಮ್ ಕಾರ್ಬೊನೇಟ್ ವಿಷ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಲೇಬಾರದು. ಬಿಲ್ಲೆ ಹಸಿರಾಗಿದ್ದರೆ ಅಳತೆ ತಪ್ಪಿದೆ, ಅರೆದದ್ದು ಸಾಲದು, ಇಲ್ಲವೇ ಶಾಖ 1000 ದಾಟಿ ವಸ್ತು ಒಡೆದಿದೆ.

ನಿಜವಾದ ತೊಡಕು ಕಪ್ಪು ಬಿಲ್ಲೆಯದು. ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ದ್ರವ ಸಾರಜನಕದಲ್ಲಿ ಅದ್ದಿದರೂ ಅತಿವಾಹಕವಾಗದು. ಕಾರಣ ಆಮ್ಲಜನಕ. ಈ ಹರಳಿನಲ್ಲಿ ತಾಮ್ರ-ಆಮ್ಲಜನಕದ ಸರಪಳಿಗಳಿವೆ. 900 ಡಿಗ್ರಿಯಲ್ಲಿ ಅಲ್ಲಿನ ಆಮ್ಲಜನಕ ಹೊರಬೀಳುತ್ತದೆ. ರಾಸಾಯನಿಕ ಸೂತ್ರದಲ್ಲಿ (YBa₂Cu₃O₇) ಇರಬೇಕಾದ 7 ಆಮ್ಲಜನಕ ಪರಮಾಣು ಸರಾಸರಿ 6.4ಕ್ಕೂ ಕೆಳಗಿಳಿಯುತ್ತದೆ, ಹರಳಿನ ಆಕಾರವೇ ಬದಲಾಗುತ್ತದೆ. ಆ ಸ್ಥಿತಿಯಲ್ಲೇ ಥಟ್ಟನೆ ಹೊರತೆಗೆದು ತಣಿಸಿದರೆ ಕೈಗೆ ಸಿಗುವುದು ಅವಾಹಕ. ಆಮ್ಲಜನಕ 6.6ಕ್ಕೆ ನಿಂತರೆ ಅತಿವಾಹಕತೆ ಬರುವುದು 60 ಕೆಲ್ವಿನ್ ಸುಮಾರಿಗೆ, ಅಂದರೆ ಸಾರಜನಕದ ತಂಪಿಗೆ ಎಟುಕದು. 6.9 ದಾಟಿದರೆ ಮಾತ್ರ 90ರ ಮೇಲೆ.

ಆದ್ದರಿಂದ ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ತಣಿಸಿ, 400–500 ಡಿಗ್ರಿಯಲ್ಲಿ ಹಲವು ತಾಸು ತಡೆಹಿಡಿಯಬೇಕು. ಅದಕ್ಕಿಂತ ಬಿಸಿಯಲ್ಲಿ ಆಮ್ಲಜನಕ ಒಳಗೆ ಸರಾಗವಾಗಿ ಓಡಾಡಿದರೂ ಸಾಕಷ್ಟು ನಿಲ್ಲದು. ತೀರಾ ತಂಪಾದರೆ ನಿಲ್ಲಲು ಒಪ್ಪಿದರೂ ಒಳಹೊಕ್ಕಲಾರದು. ಬಿಲ್ಲೆ ದಟ್ಟವಾದಷ್ಟೂ ಹೆಚ್ಚು ಹೊತ್ತು ಬೇಕು. ಅವಸರದಲ್ಲಿ ಕೆಟ್ಟ ಬಿಲ್ಲೆಯನ್ನು ಎಸೆಯಬೇಕಿಲ್ಲ; ಮತ್ತೆ 450ಕ್ಕೆ ಏರಿಸಿ ಆಮ್ಲಜನಕ ಕೊಟ್ಟರೆ ಸರಿಹೋಗುತ್ತದೆ. ತೇವ ತಗುಲಿ ಕೊಳೆತದ್ದಕ್ಕೆ ಈ ಉಪಾಯ ನಡೆಯದು, ಹಾಗಾಗಿ ಸಿದ್ಧವಾದ ಬಿಲ್ಲೆಯನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಮುಚ್ಚಿಡಬೇಕು.